ಮಠ ಸೇರಿ ಶ್ರೀಗ್ರಂಥ ಓದಲು ಕಲಿತದ್ದು: ಮೊದಲ ಭೇಟಿಯಿಂದ ಮೊದಲ ವ್ರತದವರೆಗೆ

ಕಳೆದ ತಿಂಗಳು ನನ್ನ ಮೊದಲ ವ್ರತ ಸ್ವೀಕಾರ, ಅಂದರೆ ಸನ್ಯಾಸಿನಿಯಾಗಿ ಬಾಳುವ ಮೊದಲ ಪ್ರತಿಜ್ಞೆ, ಆಯಿತು. ಬೆಂಗಳೂರಿನ ಅಂಚಿನಲ್ಲಿರುವ ಒಂದು ಬೆನೆಡಿಕ್ಟೈನ್ ಮಠದಲ್ಲಿ (ಸಂತ ಬೆನೆಡಿಕ್ಟರ ನಿಯಮದಂತೆ ನಡೆಯುವ ಕಥೋಲಿಕ ಮಠ) ನಾನು ಈಗ ಕಿರಿಯ ಸಿಸ್ಟರ್. ಮಠದ ಮುಖ್ಯಸ್ಥೆ ಮದರ್ ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಸೇರುವ ಮುಂಚೆ ನಾನು ಇಂಥದ್ದೊಂದು ಬರಹವನ್ನು ಕನ್ನಡದಲ್ಲಿ ತುಂಬಾ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದೆಲ್ಲ ಇಂಗ್ಲಿಷಿನಲ್ಲಿತ್ತು, ಯುರೋಪಿನ ಮಠಗಳದ್ದು. ಅವುಗಳಲ್ಲಿ ಶಿಕ್ಷಣ ಸಾಲ, ಆಧಾರ್, ಓಟಿಪಿ, ಮನೆಯವರ ಕಣ್ಣೀರು ಯಾವುದೂ ಇರಲಿಲ್ಲ. ಮಠಕ್ಕೆ ಹೋದರೆ ಬೈಬಲ್ ಚೆನ್ನಾಗಿ ಅರ್ಥವಾಗುತ್ತದಾ ಎಂಬ ನನ್ನ ಪ್ರಶ್ನೆಗೂ ನೇರ ಉತ್ತರ ಇರಲಿಲ್ಲ. ಆಗುತ್ತದೆ. ಆದರೆ ಪಾಠ ಕಲಿತ ಹಾಗೆ ಆಗುವುದಿಲ್ಲ. ಹೇಗೆ ಆಯಿತು ಅಂತ ಮೊದಲಿನಿಂದ ಹೇಳುತ್ತೇನೆ.

ನಾನು ಬೇಗೂರು ಕಡೆಯವಳು. ಅಪ್ಪ ಟೆಂಪೋ ಓಡಿಸುತ್ತಾರೆ. ನಾನು ಜಯನಗರದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮಕ್ಕಳಿಗೆ ಧರ್ಮೋಪದೇಶದ ತರಗತಿ ತೆಗೆದುಕೊಳ್ಳುತ್ತಿದ್ದೆ. ಮಕ್ಕಳ ಪ್ರಶ್ನೆಗಳು ಸುಲಭದ್ದಾಗಿರಲ್ಲ. "ದೇವರು ಒಳ್ಳೆಯವರಲ್ವಾ ಮಿಸ್, ಹಾಗಾದರೆ ಈಜಿಪ್ಟಿನ ಮಕ್ಕಳು ಯಾಕೆ ಸಾಯಬೇಕಿತ್ತು?" ಅಂತ, ದೇವರು ಈಜಿಪ್ಟಿನ ಚೊಚ್ಚಲ ಮಕ್ಕಳನ್ನು ಸಾಯಿಸಿದ ಬೈಬಲಿನ ಕಥೆ ಕೇಳಿ ಒಬ್ಬ ಹುಡುಗ ಕೇಳಿದ್ದ. ಅವನಿಗೆ ಏನೋ ಒಂದು ಹೇಳಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ ವಾರಾಂತ್ಯದ ಬೈಬಲ್ ಕೋರ್ಸಿಗೆ ಸೇರಿದೆ.

ಬೆಂಗಳೂರಿನಲ್ಲಿ ಅದಕ್ಕೆ ಕೊರತೆಯಿಲ್ಲ. ಹಚಿನ್ಸ್ ರಸ್ತೆಯಲ್ಲಿ ಎನ್‌ಬಿಸಿಎಲ್‌ಸಿ ಇದೆ. ಬೈಬಲ್, ಧರ್ಮೋಪದೇಶ, ಆರಾಧನೆಗೆಂದು 1967ರಲ್ಲಿ ಶುರುವಾದ ಕಥೋಲಿಕ ಚರ್ಚಿನ ರಾಷ್ಟ್ರೀಯ ಕೇಂದ್ರ ಅದು. ಧರ್ಮಾರಾಮ್ ಕಾಲೇಜು ಇದೆ, ಮಲ್ಲೇಶ್ವರದಲ್ಲಿ ಸಂತ ಪೇತ್ರರ ಸೆಮಿನರಿ ಇದೆ. ಓದಬೇಕು ಎನ್ನುವವರಿಗೆ ಇಲ್ಲಿ ಪುಸ್ತಕಗಳೂ ಇವೆ, ಕಲಿಸುವವರೂ ಇದ್ದಾರೆ. ನನಗೂ ಒಳ್ಳೆಯ ಶಿಕ್ಷಕರೇ ಸಿಕ್ಕರು. ಯಾವ ಪುಸ್ತಕ ಯಾವ ಕಾಲದ್ದು, ಯೇಸುವಿನ ಜೀವನ ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಯಾವುದು ಮೊದಲಿನದು, ಬಾಬಿಲೋನಿನ ಸೆರೆವಾಸ ಅಂದರೆ ಏನು, ಎಲ್ಲ ಗೊತ್ತಾಯಿತು. ಆದರೂ ಚರ್ಚಿನಲ್ಲಿ ಕೀರ್ತನೆ (ಬೈಬಲಿನ ಪ್ರಾರ್ಥನಾಗೀತೆ) ಹೇಳುವಾಗ ಬಾಯಿ ಮಾತ್ರ ಆಡುತ್ತಿತ್ತು. ಗೊತ್ತಿರುವುದು ಒಂದು ಕಡೆ, ಪ್ರಾರ್ಥನೆ ಇನ್ನೊಂದು ಕಡೆ.

ಆ ವರ್ಷವೇ ಗೆಳತಿಯೊಬ್ಬಳ ಜೊತೆ ಧ್ಯಾನಕೂಟಕ್ಕೆಂದು ಈ ಮಠದ ಅತಿಥಿಗೃಹಕ್ಕೆ ಬಂದೆ. ಸಂಜೆಯ ಪ್ರಾರ್ಥನೆಗೆ ಹಿಂದಿನ ಬೆಂಚಿನಲ್ಲಿ ಕೂತೆ. ಸಿಸ್ಟರುಗಳು ಎರಡು ಸಾಲಾಗಿ ಎದುರುಬದುರು ನಿಂತು ಕೀರ್ತನೆ ಹಾಡುತ್ತಿದ್ದರು. ಪ್ರತಿ ಸಾಲಿನ ನಡುವೆ ಒಂದು ಸಣ್ಣ ನಿಲುಗಡೆ. ಅರ್ಧ ಸಾಲು, ಉಸಿರು, ಮತ್ತೆ ಉಳಿದ ಅರ್ಧ. ಮೊದಲು ನನಗೆ ಅದು ತಡವರಿಸಿದ ಹಾಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ಆ ನಿಲುಗಡೆಯಲ್ಲಿ ಅವರು ಆಗಷ್ಟೇ ಹೇಳಿದ್ದನ್ನು ತಾವೇ ಕೇಳಿಸಿಕೊಳ್ಳುತ್ತಿದ್ದಾರೆ. ನಾನು ಯಾವತ್ತೂ ಹಾಗೆ ಕೇಳಿಸಿಕೊಂಡಿರಲಿಲ್ಲ. ಮನೆಗೆ ಹೋದ ಮೇಲೂ ಅದು ಮನಸ್ಸಿನಿಂದ ಹೋಗಲಿಲ್ಲ.

ಈಗ ಪ್ರಕ್ರಿಯೆಗೆ ಬರುತ್ತೇನೆ, ಜಾಸ್ತಿ ಗೊಂದಲ ಇರುವುದು ಇಲ್ಲೇ. ಶಾಲೆ, ಆಸ್ಪತ್ರೆ ನಡೆಸುವ ಸಿಸ್ಟರುಗಳ ಸಂಸ್ಥೆಗಳೇ ಬೇರೆ, ನಮ್ಮಂಥ ಧ್ಯಾನಜೀವನದ ಮಠಗಳೇ ಬೇರೆ. ಅವಧಿಯೂ ಬೇರೆ. ಪೋಪ್ ಫ್ರಾನ್ಸಿಸ್ 2016ರಲ್ಲಿ ಧ್ಯಾನಜೀವನದ ಸನ್ಯಾಸಿನಿಯರಿಗಾಗಿ ಒಂದು ದಾಖಲೆ ಹೊರಡಿಸಿದರು. ಅದನ್ನು ಜಾರಿಗೆ ತರುವ ವಿವರಗಳು 2018ರಲ್ಲಿ ಬಂದವು. ಅದರ ಪ್ರಕಾರ ಮೊದಲು ಕನಿಷ್ಠ ಒಂದು ವರ್ಷ ಆಸ್ಪಿರೆನ್ಸಿ (ನೋಡಿ ತಿಳಿಯುವ ಕಾಲ), ಆಮೇಲೆ ಕನಿಷ್ಠ ಒಂದು ವರ್ಷ ಪೋಸ್ಟುಲೆನ್ಸಿ (ಹೊಂದಿಕೊಳ್ಳುವ ಕಾಲ), ಎರಡು ವರ್ಷ ನಾವಿಶಿಯೇಟ್ (ವ್ರತಕ್ಕೆ ತಯಾರಿಯ ಕಾಲ), ಐದು ವರ್ಷ ತಾತ್ಕಾಲಿಕ ವ್ರತ. ಅದೆಲ್ಲ ಆದ ಮೇಲೆ ಜೀವನಪರ್ಯಂತದ ವ್ರತ. ಒಟ್ಟು ಕನಿಷ್ಠ ಒಂಬತ್ತು ವರ್ಷ. ನನ್ನ ಚಿಕ್ಕಪ್ಪ ಇದನ್ನು ಕೇಳಿ, "ಡಾಕ್ಟರ್ ಓದೋದು ಬೇಗ ಮುಗಿಯುತ್ತಲ್ಲಮ್ಮ" ಅಂದರು. ನಿಜ. ಆದರೆ ಈ ಒಂಬತ್ತು ವರ್ಷದಲ್ಲಿ ಮೊದಲ ವ್ರತದವರೆಗೆ ನೀವು ಯಾವ ದಿನ ಬೇಕಾದರೂ ಮನೆಗೆ ಹೊರಡಬಹುದು. ಯಾರೂ ತಡೆಯುವುದಿಲ್ಲ. ಇದನ್ನು ನಿಮ್ಮ ಅಪ್ಪ ಅಮ್ಮನಿಗೆ ಮೊದಲೇ ಹೇಳಿ. ನಮ್ಮ ಅಮ್ಮ ಇದು ಗೊತ್ತಾದ ಮೇಲೆ ಅಳುವುದನ್ನು ಸ್ವಲ್ಪ ಕಡಿಮೆ ಮಾಡಿದರು.

ಬಾಗಿಲು ತಕ್ಷಣ ತೆರೆಯುತ್ತದೆ ಅಂದುಕೊಳ್ಳಬೇಡಿ. ಸಂತ ಬೆನೆಡಿಕ್ಟರು ಆರನೇ ಶತಮಾನದಲ್ಲಿ ಬರೆದ ನಿಯಮದಲ್ಲಿ 73 ಅಧ್ಯಾಯಗಳಿವೆ. 58ನೇ ಅಧ್ಯಾಯ ಹೊಸಬರನ್ನು ಸೇರಿಸಿಕೊಳ್ಳುವುದರ ಬಗ್ಗೆ. ಬಂದವರನ್ನು ಸುಲಭವಾಗಿ ಒಳಗೆ ಬಿಡಬೇಡಿ, ನಾಲ್ಕೈದು ದಿನ ಬಾಗಿಲು ತಟ್ಟುತ್ತಲೇ ಇದ್ದರೆ ಆಮೇಲೆ ನೋಡಿ ಎಂಬ ಅರ್ಥದ ಮಾತು ಅಲ್ಲಿದೆ. ನಮ್ಮ ಕಾಲದಲ್ಲಿ ಅದು ಇಮೇಲ್ ರೂಪ ತಾಳಿದೆ. ಬರೆದರೆ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕು. "ಸದ್ಯ ನಿಮ್ಮ ಧರ್ಮಕೇಂದ್ರದ ಫಾದರ್ ಜೊತೆ ಮಾತಾಡಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂತ ಬರುತ್ತದೆ. ನಾನು ಅದನ್ನು ನಿರಾಕರಣೆ ಎಂದು ತಿಳಿದು ಎಷ್ಟೋ ರಾತ್ರಿ ನಿದ್ದೆ ಮಾಡಲಿಲ್ಲ. ನಿಮಗೂ ಹೀಗೆ ಬಂದರೆ ಹೆದರಬೇಡಿ. ಮೂರು ತಿಂಗಳು ಬಿಟ್ಟು ಹೋಗಿ. ಅವರು ನಿಜವಾಗಿ ಕಾಯುತ್ತಿರುತ್ತಾರೆ.

ಇನ್ನು ಕಾಗದಪತ್ರ. ದೀಕ್ಷಾಸ್ನಾನದ ಪ್ರಮಾಣಪತ್ರ, ದೃಢೀಕರಣದ (ಕನ್ಫರ್ಮೇಶನ್ ಸಂಸ್ಕಾರದ) ಪ್ರಮಾಣಪತ್ರ, ಅವಿವಾಹಿತೆ ಎಂಬುದಕ್ಕೆ ಆಧಾರ, ಧರ್ಮಕೇಂದ್ರದ ಗುರುಗಳ ಪತ್ರ, ವೈದ್ಯಕೀಯ ವರದಿ, ಅಂಕಪಟ್ಟಿಗಳು, ಆಧಾರ್, ಪ್ಯಾನ್. ಮನೆಯ ಟ್ರಂಕಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇರುವ ಹಳೆಯ ದೀಕ್ಷಾಸ್ನಾನದ ಪತ್ರ ನಡೆಯುವುದಿಲ್ಲ. ಹೊಸದಾಗಿ ತೆಗೆಸಬೇಕು. ಯಾಕೆ ಅಂತ ನನಗೂ ಮೊದಲು ತಿಳಿಯಲಿಲ್ಲ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಪಕ್ಕದ ಅಂಚಿನಲ್ಲಿ ದೃಢೀಕರಣ, ಮದುವೆ, ಜೀವನಪರ್ಯಂತದ ವ್ರತ ಎಲ್ಲವನ್ನೂ ಬರೆಯುತ್ತಾರೆ. ಆ ಅಂಚು ಇವತ್ತಿಗೂ ಖಾಲಿ ಇದೆ ಅನ್ನುವುದೇ ನೀವು ಮದುವೆಯಾಗಿಲ್ಲ ಎಂಬುದಕ್ಕೆ ಚರ್ಚಿನ ಸಾಕ್ಷಿ.

ನನ್ನ ತೊಡಕು ಇಲ್ಲೇ ಶುರುವಾಯಿತು. ಚೊಚ್ಚಲ ಮಗು ಅಂತ ನನಗೆ ಅಮ್ಮನ ತವರಿನಲ್ಲಿ, ಕನಕಪುರದ ಆಚೆ, ದೀಕ್ಷಾಸ್ನಾನ ಮಾಡಿಸಿದ್ದರು. ದೃಢೀಕರಣ ಬೆಂಗಳೂರಿನಲ್ಲಿ ಆಗಿತ್ತು. ಇಲ್ಲಿಂದ ಅಲ್ಲಿಗೆ ಹೋಗಬೇಕಿದ್ದ ಸೂಚನೆ ಹೋಗಿರಲಿಲ್ಲ. ಜೊತೆಗೆ ರಿಜಿಸ್ಟರಿನಲ್ಲಿ ನನ್ನ ಹೆಸರು ಅಜ್ಜಿ ಇಟ್ಟದ್ದು, ಆಧಾರಿನಲ್ಲಿ ಶಾಲೆಯಲ್ಲಿ ಬರೆಸಿದ್ದು. ಇಬ್ಬರೂ ಒಬ್ಬಳೇ ಎಂದು ತೋರಿಸಲು ನೋಟರಿ ಅಫಿಡವಿಟ್ ಮಾಡಿಸಿದೆ, ಎರಡೂ ಧರ್ಮಕೇಂದ್ರಗಳ ಗುರುಗಳಿಂದ ಪತ್ರ ತಂದೆ. ಬಸ್ಸಿನ ಓಡಾಟ, ಫಾದರ್ ಊರಲ್ಲಿಲ್ಲ, ರಿಜಿಸ್ಟರ್ ಬೈಂಡಿಂಗಿಗೆ ಹೋಗಿದೆ, ಹೀಗೆ ತಿಂಗಳುಗಳೇ ಉರುಳಿದವು. ನಿಮ್ಮ ದೀಕ್ಷಾಸ್ನಾನ ಮತ್ತು ದೃಢೀಕರಣ ಬೇರೆ ಬೇರೆ ಊರಿನಲ್ಲಿ ಆಗಿದ್ದರೆ ಮಿಕ್ಕೆಲ್ಲಕ್ಕಿಂತ ಮೊದಲು ಇದನ್ನು ಸರಿಮಾಡಿಕೊಳ್ಳಿ.

ಆಮೇಲೆ ಸಾಲ. ತೀರಿಸಲಾಗದ ಸಾಲ ಇರುವವರನ್ನು ಸೇರಿಸಿಕೊಳ್ಳಬಾರದು ಎಂದು ಚರ್ಚಿನ ಕಾನೂನಿನಲ್ಲೇ ಇದೆ. ನನ್ನ ಬಿ.ಕಾಂ. ಓದಿನ ಸಾಲ ಇನ್ನೂ ಉಳಿದಿತ್ತು. ಅದನ್ನು ತೀರಿಸಲೆಂದೇ ಇನ್ನೂ ಒಂದು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದೆ. ಆ ವರ್ಷ ಬಹಳ ಉದ್ದವಾಗಿತ್ತು. ಮನಸ್ಸು ಮಠದಲ್ಲಿ, ಕೈ ಜಿಎಸ್‌ಟಿ ರಿಟರ್ನಿನಲ್ಲಿ. ಕೊನೆಯ ಕಂತು ಕಟ್ಟಿದ ಮೇಲೂ ಬ್ಯಾಂಕಿನವರು ನೋ ಡ್ಯೂಸ್ ಪತ್ರ ಕೊಡಲು ತಿರುಗಾಡಿಸಿದರು. ಆ ಪತ್ರವನ್ನು ಸೀಲು ಸಹಿ ಸಮೇತ ಕೈಯಲ್ಲಿ ಹಿಡಿದುಕೊಳ್ಳುವವರೆಗೆ ಸಾಲ ಮುಗಿಯಿತು ಅಂದುಕೊಳ್ಳಬೇಡಿ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ ಮಠದಲ್ಲಿ ಸೇರುವುದಕ್ಕೆ ಶುಲ್ಕ ಏನೂ ಇಲ್ಲ. ವರದಕ್ಷಿಣೆ ಕೊಡಬೇಕಾ ಅಂತ ಅಮ್ಮ ಮೆಲ್ಲಗೆ ಕೇಳಿದರು. ಅವರ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. 1917ರ ಚರ್ಚ್ ಕಾನೂನಿನಲ್ಲಿ ಸನ್ಯಾಸಿನಿಯರು ಅಂಥದ್ದೊಂದು ಹಣ ತರಬೇಕಿತ್ತು. 1983ರ ಕಾನೂನಿನಲ್ಲಿ ಅದು ಇಲ್ಲ. ನನ್ನ ಖರ್ಚು ಬಂದದ್ದು ವೈದ್ಯಕೀಯ ಪರೀಕ್ಷೆಗಳಿಗೆ, ಹಲ್ಲಿನ ಚಿಕಿತ್ಸೆಗೆ, ಕನ್ನಡಕಕ್ಕೆ, ಅಫಿಡವಿಟ್ಟಿಗೆ, ಓಡಾಟಕ್ಕೆ. ಹದಿನೈದು ಸಾವಿರದ ಸುಮಾರು ಆಯಿತು. ಹಲ್ಲು ಮತ್ತು ಕಣ್ಣು ಮೊದಲೇ ತೋರಿಸಿಕೊಂಡು ಬನ್ನಿ. ಬೆಳಗಿನ ಜಾವ ಮಂದ ಬೆಳಕಿನಲ್ಲಿ ಸಣ್ಣ ಅಕ್ಷರ ಓದಬೇಕಾಗುತ್ತದೆ.

ಯಾರೂ ನನಗೆ ಹೇಳದೆ ಇದ್ದ ಇನ್ನೊಂದು ವಿಷಯ ಫೋನ್. ಒಳಗೆ ಬರುವಾಗ ಅದನ್ನು ಕೊಟ್ಟುಬಿಡುತ್ತೇವೆ. ಆದರೆ ನಮ್ಮ ಮನೆಯ ಗ್ಯಾಸ್ ಬುಕಿಂಗ್, ಬೆಸ್ಕಾಂ ಬಿಲ್, ಅಪ್ಪನ ಟೆಂಪೋ ಇನ್ಶೂರೆನ್ಸ್, ಅಮ್ಮನ ಬ್ಯಾಂಕ್ ಖಾತೆ ಎಲ್ಲ ನನ್ನ ನಂಬರಿಗೇ ಜೋಡಣೆಯಾಗಿತ್ತು. ಮನೆಯಲ್ಲಿ ಓಟಿಪಿ ಬೇಕಾದಾಗಲೆಲ್ಲ ತಮ್ಮ ಮಠದ ಲ್ಯಾಂಡ್‌ಲೈನಿಗೆ ಫೋನ್ ಮಾಡುತ್ತಿದ್ದ. ಸೇರುವ ಒಂದು ತಿಂಗಳು ಮುಂಚೆ ಕೂತು ಎಲ್ಲದರ ನಂಬರ್ ಬದಲಾಯಿಸಿ, ನಿಮ್ಮ ಆಧಾರಿನದ್ದೂ ಸೇರಿಸಿ.

ಆಸ್ತಿಯ ವಿಷಯದಲ್ಲೂ ಒಂದು ಮಾತು. ಹತ್ತಿರದ ನೆಂಟರೊಬ್ಬರು "ಹೇಗೂ ಸನ್ಯಾಸ ತಗೊಳ್ತಿದ್ದೀಯಲ್ಲ" ಅಂತ ಹಕ್ಕು ಬಿಡುಗಡೆ ಪತ್ರ ಬರೆಸಿ ತಂದಿದ್ದರು. ಮದರ್ ಸಹಿ ಹಾಕಬೇಡ ಅಂದರು. ತಾತ್ಕಾಲಿಕ ವ್ರತದಲ್ಲಿ ನಿಮ್ಮ ಪಾಲಿನ ಹಕ್ಕು ನಿಮ್ಮದೇ ಆಗಿರುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸವನ್ನು ಮಾತ್ರ ಬೇರೆಯವರಿಗೆ ವಹಿಸಬೇಕು. ನಾಳೆ ನೀವು ಮನೆಗೆ ಮರಳಬೇಕಾದರೆ ಬರಿಗೈ ಆಗಬಾರದು ಅಂತಲೇ ಆ ಕಾನೂನು.

ಆಸ್ಪಿರೆನ್ಸಿ, ಪೋಸ್ಟುಲೆನ್ಸಿಯ ಕಾಲ ಹೊಂದಿಕೊಳ್ಳುವುದರಲ್ಲೇ ಕಳೆಯಿತು. ನಾಲ್ಕೂವರೆಗೆ ಮೊದಲ ಪ್ರಾರ್ಥನೆ. ಆಮೇಲೆ ಒಂದು ಗಂಟೆ ಮೌನವಾಗಿ ಶ್ರೀಗ್ರಂಥ. ಬೆಳಗಿನ ಪ್ರಾರ್ಥನೆ, ಪೂಜೆ, ತಿಂಡಿ, ಕೆಲಸ, ನಡುನಡುವೆ ಗಂಟೆ ಹೊಡೆದಾಗ ಮತ್ತೆ ಪ್ರಾರ್ಥನೆ. ದನದ ಕೊಟ್ಟಿಗೆ, ತರಕಾರಿ ತೋಟ, ಮೇಣದಬತ್ತಿ ಮಾಡುವ ಕೋಣೆ, ಅಡುಗೆಮನೆ, ಎಲ್ಲ ಕಡೆ ಸರದಿ. ರಾತ್ರಿ ಕೊನೆಯ ಪ್ರಾರ್ಥನೆ ಆದ ಮೇಲೆ ಮಾತಿಲ್ಲ. ಪಕ್ಕದ ಹಳ್ಳಿಯ ಜಾತ್ರೆಯ ಪಟಾಕಿ, ಹೆದ್ದಾರಿಯ ಲಾರಿ ಹಾರ್ನ್ ಎಲ್ಲ ಕೇಳುತ್ತದೆ. ಬೆಂಗಳೂರಿನ ಮಠದಲ್ಲಿ ಕಾಡಿನ ನಿಶ್ಶಬ್ದ ಸಿಗುವುದಿಲ್ಲ. ಭಾಷೆಯೂ ಹಾಗೆ. ಒಟ್ಟಿಗೆ ಹೇಳುವ ಪ್ರಾರ್ಥನೆ ಜಾಸ್ತಿ ಇಂಗ್ಲಿಷಿನಲ್ಲಿ. ಕೇರಳ, ತಮಿಳುನಾಡು, ಮಂಗಳೂರು, ಜಾರ್ಖಂಡಿನ ಸಿಸ್ಟರುಗಳು ಇರುವ ಮನೆಯಲ್ಲಿ ಬೇರೆ ದಾರಿಯಿಲ್ಲ. ಒಬ್ಬಳೇ ಓದುವಾಗ ಮಾತ್ರ ನನ್ನ ಕನ್ನಡ ಬೈಬಲ್.

ಸಂಖ್ಯೆಯ ಗೊಂದಲ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಎಲ್ಲ ಹೊಸಬರಿಗೂ ಆಗುತ್ತದೆ. ನಿಯಮದಲ್ಲಿ 50ನೇ ಕೀರ್ತನೆ ಎಂದು ಬರೆದಿರುವುದನ್ನು ನಿಮ್ಮ ಬೈಬಲಿನಲ್ಲಿ ತೆಗೆದರೆ ಬೇರೆ ಏನೋ ಇರುತ್ತದೆ. ಬೆನೆಡಿಕ್ಟರು ಬಳಸಿದ್ದು ಹಳೆಯ ಲ್ಯಾಟಿನ್ ಎಣಿಕೆ, ನಮ್ಮ ಬೈಬಲಿನದು ಹೀಬ್ರೂ ಎಣಿಕೆ. ಬಹುತೇಕ ಕೀರ್ತನೆಗಳಿಗೆ ಒಂದು ಕೂಡಿಸಿದರೆ ಸಾಕು. ಅವರ 50 ನಮ್ಮ 51. ಅವರ 118 ನಮ್ಮ 119. ಮೊದಲ ಎಂಟು ಮತ್ತು ಕೊನೆಯ ಮೂರು ಎರಡರಲ್ಲೂ ಒಂದೇ.

ನಾವಿಶಿಯೇಟ್ ಶುರುವಾದಾಗ ನನಗೆ ಬಹಳ ನಿರೀಕ್ಷೆ ಇತ್ತು. ಈಗ ಬೈಬಲ್ ಪಾಠ ಗಟ್ಟಿಯಾಗಿ ನಡೆಯುತ್ತದೆ, ಟಿಪ್ಪಣಿ ಬರೆದುಕೊಳ್ಳಬೇಕು ಅಂತ ಎರಡು ದಪ್ಪ ನೋಟ್‌ಬುಕ್ ತಂದಿದ್ದೆ. ನಮ್ಮ ನಾವಿಸ್ ಮಿಸ್ಟ್ರೆಸ್ (ಹೊಸಬರನ್ನು ತಯಾರು ಮಾಡುವ ಸಿಸ್ಟರ್) ಅವನ್ನು ಕಪಾಟಿನಲ್ಲಿ ಇಡಲು ಹೇಳಿ, ಮಾರ್ಕನ ಶುಭಸಂದೇಶ ಕೊಟ್ಟರು. ದಿನಕ್ಕೆ ಏಳೆಂಟು ಸಾಲು. ಜೋರಾಗಿ, ನಿಧಾನವಾಗಿ, ತುಟಿ ಆಡಿಸಿಕೊಂಡು ಓದು. ಯಾವುದಾದರೂ ಮಾತು ಹಿಡಿದು ನಿಲ್ಲಿಸಿದರೆ ಅಲ್ಲೇ ನಿಲ್ಲು. ಇಷ್ಟೇ ಪಾಠ. ಇದಕ್ಕೆ ಲೆಕ್ಸಿಯೋ ದಿವೀನಾ ಅನ್ನುತ್ತಾರೆ. 12ನೇ ಶತಮಾನದಲ್ಲಿ ಎರಡನೇ ಗೀಗೋ ಎಂಬ ಕಾರ್ತೂಸಿಯನ್ ಸನ್ಯಾಸಿ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದ: ಓದು, ಮನನ, ಪ್ರಾರ್ಥನೆ, ಧ್ಯಾನದಲ್ಲಿ ನೆಲೆ ನಿಲ್ಲುವುದು. ನನಗೆ ಮೊದಲ ಮೆಟ್ಟಿಲೇ ಕಷ್ಟವಾಗಿತ್ತು. ಹತ್ತು ನಿಮಿಷಕ್ಕೆ ಎಂಟು ಸಾಲು ಮುಗಿದರೆ ಉಳಿದ ಐವತ್ತು ನಿಮಿಷ ಏನು ಮಾಡುವುದು? ತೂಕಡಿಕೆ ಬರುತ್ತದೆ. ಬರಲಿ. ನಿಂತು ಓದಿ, ನಡೆಯುತ್ತಾ ಓದಿ, ಕೈಯಲ್ಲಿ ನಕಲು ಮಾಡಿ. ಆ ಗಂಟೆಯನ್ನು ಮಾತ್ರ ಬಿಡಬೇಡಿ.

ಹೀಗಿರುವಾಗ ತಪಸ್ಸು ಕಾಲ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು, ಬಂತು. ನಿಯಮದ 48ನೇ ಅಧ್ಯಾಯದ ಪ್ರಕಾರ ಆ ದಿನಗಳಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪುಸ್ತಕ ಕೊಡಬೇಕು. ಅದನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಏನೂ ಬಿಡದೆ ಓದಬೇಕು. ನಮ್ಮ ಮಠದಲ್ಲಿ ಬೈಬಲಿನದೇ ಒಂದು ಪುಸ್ತಕ ಕೊಡುತ್ತಾರೆ. ಆ ಕಾಲ ಶುರುವಾಗುವ ವಿಭೂತಿ ಬುಧವಾರ ಎಲ್ಲರೂ ಸಾಲಾಗಿ ಹೋಗಿ ಚೀಟಿ ತೆಗೆದುಕೊಂಡೆವು. ಪಕ್ಕದವರಿಗೆ ಯೆಶಾಯ ಬಂತು, ಇನ್ನೊಬ್ಬರಿಗೆ ರೋಮನರಿಗೆ ಬರೆದ ಪತ್ರ. ನನ್ನ ಚೀಟಿಯಲ್ಲಿ ಯಾಜಕಕಾಂಡ, ಬಲಿ ಮತ್ತು ಶುದ್ಧಿಯ ನಿಯಮಗಳ ಪುಸ್ತಕ. 27 ಅಧ್ಯಾಯ. ಹೋರಿ, ಕುರಿ, ಕೊಬ್ಬು, ರಕ್ತ, ಚರ್ಮರೋಗ, ಗೋಡೆಯ ಬೂಸ್ಟು. ಬದಲಾಯಿಸಿ ಕೊಡಿ ಎಂದು ಕೇಳುವ ಪದ್ಧತಿ ಇಲ್ಲ.

ಮೊದಲ ಎರಡು ವಾರ ಒಣಗಿ ಹೋದೆ. ಅಕೌಂಟ್ಸ್ ಮಾಡಿದ ಕಣ್ಣಿಗೆ ಅದು ದರಪಟ್ಟಿಯ ಹಾಗೆ ಕಾಣುತ್ತಿತ್ತು. ಈ ತಪ್ಪಿಗೆ ಇಷ್ಟು, ಆ ತಪ್ಪಿಗೆ ಅಷ್ಟು. ಐದನೇ ಅಧ್ಯಾಯದಲ್ಲಿ ಒಂದು ಮಾತು ಮತ್ತೆ ಮತ್ತೆ ಬಂತು. ಕುರಿ ತರುವ ಶಕ್ತಿ ಇಲ್ಲದಿದ್ದರೆ ಎರಡು ಹಕ್ಕಿ ತರಲಿ. ಅದಕ್ಕೂ ಶಕ್ತಿ ಇಲ್ಲದಿದ್ದರೆ ಸ್ವಲ್ಪ ಹಿಟ್ಟು ತರಲಿ. ಓದಿ ಮುಂದೆ ಹೋದೆ. ಹನ್ನೆರಡನೇ ಅಧ್ಯಾಯ ಬಾಣಂತಿಯ ಶುದ್ಧೀಕರಣದ್ದು. ಹೆರಿಗೆಯಾದ ಹೆಂಗಸು ಒಂದು ಕುರಿಮರಿ ಮತ್ತು ಒಂದು ಹಕ್ಕಿ ತರಬೇಕು. ಕೊನೆಯ ಸಾಲು, ಎಂಟನೆಯದು: ಕುರಿಮರಿ ತರಲು ಆಗದಿದ್ದರೆ ಎರಡು ಬೆಳವಕ್ಕಿ, ಇಲ್ಲವೇ ಎರಡು ಪಾರಿವಾಳದ ಮರಿ.

ಅಲ್ಲೇ ನಿಂತೆ. ಇದನ್ನು ನಾನು ಎಲ್ಲೋ ಕೇಳಿದ್ದೇನೆ. ಎಲ್ಲೋ ಅಲ್ಲ, ಪ್ರತಿ ಫೆಬ್ರವರಿ 2ರಂದು, ಮೇಣದಬತ್ತಿ ಆಶೀರ್ವದಿಸುವ ಹಬ್ಬದ ದಿನ. ಮರಿಯಮ್ಮನವರೂ ಜೋಸೆಫರೂ ಮಗುವನ್ನು ಜೆರುಸಲೇಮಿನ ದೇವಾಲಯಕ್ಕೆ ತಂದರು, ಒಂದು ಜೊತೆ ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿಗಳನ್ನು ಅರ್ಪಿಸಲು. ಲೂಕ 2:24. ಹುಟ್ಟಿದಾಗಿನಿಂದ ಕೇಳಿದ ವಾಕ್ಯ. ಮಕ್ಕಳಿಗೆ ಆ ಚಿತ್ರಕ್ಕೆ ಬಣ್ಣ ತುಂಬಿಸಿದ್ದೆ. ಪಾರಿವಾಳ ಚೆಂದಕ್ಕೆ ಇದೆ ಅಂತಲೇ ನನ್ನ ತಲೆಯಲ್ಲಿತ್ತು. ಲೂಕನು ಕುರಿಮರಿಯ ಹೆಸರನ್ನೇ ಎತ್ತುವುದಿಲ್ಲ. ಅವರ ಕೈಯಲ್ಲಿ ಅದಕ್ಕೆ ದುಡ್ಡಿರಲಿಲ್ಲ.

ನಮ್ಮ ಅಮ್ಮ ನೆನಪಾದರು. ಕಾಣಿಕೆ ತಟ್ಟೆ ಬಂದಾಗ ಹತ್ತರ ನೋಟನ್ನು ಸಣ್ಣದಾಗಿ, ಇನ್ನೂ ಸಣ್ಣದಾಗಿ ಮಡಚುತ್ತಿದ್ದರು. ಪಕ್ಕದವರ ಐನೂರರ ನೋಟಿನ ಎದುರು ಅದು ಹತ್ತರದ್ದು ಅಂತ ಕಾಣಬಾರದು. ಮಡಚಿದ ನೋಟನ್ನು ತಟ್ಟೆಯ ಅಂಚಿನಿಂದ ಒಳಗೆ ಜಾರಿಸಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ದೇವರ ತಾಯಿಯೂ ದೇವಾಲಯದಲ್ಲಿ ಹಾಗೆಯೇ ನಿಂತಿದ್ದರು, ಎರಡು ಹಕ್ಕಿ ಹಿಡಿದುಕೊಂಡು. ಅದು ಕಡಿಮೆ ಕಾಣಿಕೆ ಅಲ್ಲ, ಬಡವರಿಗೆಂದು ಕಾನೂನಿನಲ್ಲೇ ಇಟ್ಟ ಜಾಗ. ಯಾಜಕಕಾಂಡ ಓದದಿದ್ದರೆ ಈ ಒಂದು ಸಾಲು ನನಗೆ ಕೊನೆಯವರೆಗೂ ಮುಚ್ಚಿಯೇ ಇರುತ್ತಿತ್ತು. ಮುಂದಿನ ತಿಂಗಳು ಅಮ್ಮ ಮಠದ ಪಾರ್ಲರಿಗೆ, ಅಂದರೆ ಭೇಟಿಯ ಕೋಣೆಗೆ, ಬಂದಾಗ ಇದನ್ನು ಹೇಳಿದೆ. ಅವರು ಏನೂ ಮಾತಾಡಲಿಲ್ಲ. "ಆ ಪುಸ್ತಕ ನಮ್ಮ ಮನೆ ಬೈಬಲಲ್ಲೂ ಇದೆಯಾ?" ಎಂದು ಮಾತ್ರ ಕೇಳಿದರು.

ಕೋರ್ಸಿನಲ್ಲಿ ನಮಗೆ ಈ ಅಧ್ಯಾಯದ ಬಗ್ಗೆ ಹೇಳಿರಬಹುದು. ಹೇಳಿದ್ದರೂ ಅದು ಒಂದು ಟಿಪ್ಪಣಿಯಾಗಿ ಉಳಿಯುತ್ತಿತ್ತು. ಬೇಡ ಅನ್ನಿಸಿದ ಪುಸ್ತಕದಲ್ಲಿ, ನಾನು ಆರಿಸಿಕೊಳ್ಳದ ಹೊತ್ತಿನಲ್ಲಿ, ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಕೂತಿದ್ದಕ್ಕೆ ಅದು ಸಿಕ್ಕಿತು. ಮಠ ನನಗೆ ಕಲಿಸಿದ್ದು ಮುಖ್ಯವಾಗಿ ಇದನ್ನೇ.

ಕೀರ್ತನೆಗಳೂ ಹೀಗೆ. 150 ಕೀರ್ತನೆಗಳನ್ನು ಒಂದು ವಾರದಲ್ಲಿ ಮುಗಿಸಬೇಕು ಎಂಬುದು ಬೆನೆಡಿಕ್ಟರ ಲೆಕ್ಕ. ಎಲ್ಲ ಮಠಗಳಲ್ಲೂ ಈಗ ಹಾಗಿಲ್ಲ, ಕೆಲವರು ಎರಡು ವಾರಕ್ಕೆ ಹಂಚುತ್ತಾರೆ. ನಮ್ಮ ಮನಸ್ಸು ಹೇಗಿದೆ ಅಂತ ಅವು ಕೇಳುವುದಿಲ್ಲ. ತಮ್ಮನಿಗೆ ಕೆಲಸ ಸಿಕ್ಕ ಸುದ್ದಿ ಬಂದ ದಿನ 88ನೇ ಕೀರ್ತನೆ ಬಂತು. ಉಳಿದ ಗೋಳಿನ ಕೀರ್ತನೆಗಳು ಬಹುಮಟ್ಟಿಗೆ ಎಲ್ಲೋ ಒಂದು ಕಡೆ ಬೆಳಕಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಖುಷಿಯಲ್ಲಿದ್ದ ನನಗೆ ಅದನ್ನು ಹಾಡುವುದು ಸುಳ್ಳು ಹೇಳಿದ ಹಾಗೆ ಅನ್ನಿಸಿತು. ಮಿಸ್ಟ್ರೆಸ್ ಹತ್ತಿರ ಹೇಳಿದೆ. ಅವರು ಪಾರ್ಲರ್ ಹೊರಗಿನ ಪೆಟ್ಟಿಗೆಯಿಂದ ಜನ ಹಾಕಿದ ಅವತ್ತಿನ ಪ್ರಾರ್ಥನೆ ಕೋರಿಕೆಯ ಚೀಟಿಗಳನ್ನು ತಂದು ಓದಲು ಕೊಟ್ಟರು. ಒಂದರಲ್ಲಿ ಕಿದ್ವಾಯಿ ಆಸ್ಪತ್ರೆಯಲ್ಲಿರುವ ಮಗುವಿಗಾಗಿ ಎಂದು ಕನ್ನಡದಲ್ಲಿ, ಪೆನ್ಸಿಲ್ಲಿನಲ್ಲಿ ಬರೆದಿತ್ತು. ಹೆಸರೂ ಇರಲಿಲ್ಲ. "ಇವರಿಗೆ ಇವತ್ತು ಹಾಡೋಕೆ ಶಕ್ತಿ ಇಲ್ಲ. ನೀನು ಹಾಡು" ಅಂದರು. ಅಲ್ಲಿಂದ ಮುಂದೆ 88 ನನಗೆ ಸುಳ್ಳು ಅನ್ನಿಸಿಲ್ಲ.

137ನೇ ಕೀರ್ತನೆಯ ವಿಷಯ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಬಾಬಿಲೋನಿನ ನದಿಗಳ ಬಳಿ ಕೂತು ಅತ್ತೆವು ಎಂದು ಶುರುವಾಗುವ ಆ ಹಾಡು ಎಷ್ಟು ಚೆನ್ನಾಗಿದೆಯೋ, ಅದರ ಕೊನೆಯ ಸಾಲು ಅಷ್ಟೇ ಘೋರ. ಬಾಬಿಲೋನೇ, ನಿನ್ನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ. ಮಕ್ಕಳ ಸಾವಿನ ಬಗ್ಗೆ ಕೇಳಿದ ಆ ಹುಡುಗ ಕಣ್ಣ ಮುಂದೆ ಬಂದ. 1971ರಲ್ಲಿ ಬಂದ ರೋಮನ್ ಪ್ರಾರ್ಥನಾ ಪುಸ್ತಕದಲ್ಲಿ ಇಂಥ ಸಾಲುಗಳನ್ನೂ, 58, 83, 109ನೇ ಕೀರ್ತನೆಗಳನ್ನು ಪೂರ್ತಿಯಾಗಿಯೂ ಕೈಬಿಟ್ಟಿದ್ದಾರೆ. ನಮ್ಮ ಮಠದಲ್ಲಿ ಬಿಡುವುದಿಲ್ಲ. ಮೊದಲ ಸಲ ನನ್ನ ಬಾಯಿಂದ ಆ ಸಾಲು ಹೊರಡಲಿಲ್ಲ.

ನಿಯಮದ ಪೀಠಿಕೆಯಲ್ಲೂ ನಾಲ್ಕನೇ ಅಧ್ಯಾಯದಲ್ಲೂ ಇದೇ ಸಾಲಿನ ನೆರಳಿದೆ. ಕೆಟ್ಟ ಆಲೋಚನೆ ಮನಸ್ಸಿಗೆ ಬಂದ ಕೂಡಲೇ, ಇನ್ನೂ ಎಳೆಯದಾಗಿರುವಾಗಲೇ, ಅದನ್ನು ಕ್ರಿಸ್ತನಿಗೆ ಅಪ್ಪಳಿಸು ಎನ್ನುತ್ತಾರೆ ಬೆನೆಡಿಕ್ಟರು. ಬಂಡೆ ಅಂದರೆ ಕ್ರಿಸ್ತ, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲನೂ ಹಾಗೆ ಹೇಳಿದ್ದಾನೆ. ಈ ಓದು ನನಗೆ ದಿನನಿತ್ಯ ಉಪಯೋಗಕ್ಕೆ ಬಂತು. ಅಡುಗೆಮನೆಯಲ್ಲಿ ಯಾರದೋ ಮಾತಿಗೆ ಸಿಟ್ಟು ಬಂದಾಗ ಅದು ಬೆಳೆಯುವ ಮುಂಚೆಯೇ ಹಿಡಿಯಬಹುದು. ಆದರೂ ನಿಜವಾದ ಕೂಸುಗಳ ಪ್ರಶ್ನೆ ಅದರಿಂದ ತೀರಿತು ಎಂದು ನನಗೆ ಅನ್ನಿಸುವುದಿಲ್ಲ. ಹಾಗೆ ಹೇಳಿಕೊಡುವವರನ್ನು ನಾನು ಒಪ್ಪುವುದೂ ಇಲ್ಲ. ನಮ್ಮ ಮಠದ ಹಿರಿಯ ಸಿಸ್ಟರ್ ಒಬ್ಬರಿದ್ದಾರೆ, ಕೇರಳದವರು, ಎಂಬತ್ತು ದಾಟಿದವರು. ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದಾಗ ಅವರನ್ನು ಕೇಳಿದೆ. ಅವರು ಹರುಕುಮುರುಕು ಕನ್ನಡದಲ್ಲಿ ಹೇಳಿದ್ದು ಇಷ್ಟು: ಆ ಹಾಡು ಕಟ್ಟಿದ ಮನುಷ್ಯನ ಊರು ಸುಟ್ಟು ಹೋಗಿದೆ. ಅವನ ಮಕ್ಕಳಿಗೂ ಅದೇ ಆಗಿದೆ. ಅವನು ಕತ್ತಿ ತಗೊಂಡು ಹೋಗಿಲ್ಲ, ದೇವರ ಹತ್ತಿರ ಬಂದು ಕೂಗಿದ್ದಾನೆ. ಬೈಬಲ್ ಅವನ ಕೂಗನ್ನು ತಿದ್ದದೆ ಇಟ್ಟುಕೊಂಡಿದೆ.

ಈಗ ಆ ಸಾಲು ಬಂದಾಗ ಹೇಳುತ್ತೇನೆ. ಗಂಟಲು ಹಿಡಿಯುತ್ತದೆ, ಆದರೂ ಹೇಳುತ್ತೇನೆ. ಈಜಿಪ್ಟಿನ ಮಕ್ಕಳ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಪ್ರಶ್ನೆಯನ್ನು ದೂರ ತಳ್ಳದೆ ಜೊತೆಯಲ್ಲಿಟ್ಟುಕೊಂಡು ಪ್ರಾರ್ಥಿಸಲು ಬಂದಿದೆ.

ಎಲ್ಲ ದಿನವೂ ಹೀಗೆ ಏನಾದರೂ ಸಿಗುತ್ತದೆ ಎಂದು ದಯವಿಟ್ಟು ತಿಳಿಯಬೇಡಿ. ತಿಂಗಳುಗಟ್ಟಲೆ ಏನೂ ಸಿಗುವುದಿಲ್ಲ. ಎರಡನೇ ವರ್ಷದ ಮಳೆಗಾಲದಲ್ಲಿ ನನಗೆ ಅಂಥ ಕಾಲ ಬಂದಿತ್ತು. ಓದಿದ್ದೆಲ್ಲ ಕಾಗದ. ಮನೆಗೆ ಹೋಗಿಬಿಡೋಣ ಅಂತ ಬ್ಯಾಗನ್ನೂ ಕೆಳಗಿಳಿಸಿದ್ದೆ. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾತ್ರಿಯ ಕೊನೆಯ ಪ್ರಾರ್ಥನೆ. ಅದರಲ್ಲಿ ದಿನವೂ ಅವೇ ಮೂರು ಕೀರ್ತನೆ: 4, 91, 134. ದೀಪ ಆರಿಸಿ, ಪುಸ್ತಕ ಇಲ್ಲದೆ ಹೇಳುತ್ತೇವೆ. ಎಷ್ಟು ಒಣಗಿದ್ದರೂ ಆ ಮೂರು ತಾವಾಗಿಯೇ ಬಾಯಿಗೆ ಬರುತ್ತಿದ್ದವು. ನಿಮಗೆ ಆ ಕಾಲ ಬಂದಾಗ ಮಿಸ್ಟ್ರೆಸ್‌ಗೆ ಅವತ್ತೇ ಹೇಳಿ, ಒಳಗೆ ಇಟ್ಟುಕೊಳ್ಳಬೇಡಿ. ಅವರು ಎಷ್ಟೋ ಜನರಲ್ಲಿ ಇದನ್ನು ನೋಡಿರುತ್ತಾರೆ.

ನಾವಿಶಿಯೇಟಿನಲ್ಲಿ ಮನೆಗೆ ಹೋಗುವ ಬಗ್ಗೆ ಒಂದು ಸೂಚನೆ. ಹದಿನೈದು ದಿನಕ್ಕಿಂತ ಜಾಸ್ತಿ ಹೊರಗಿದ್ದರೆ ಅಷ್ಟು ದಿನ ಮತ್ತೆ ತುಂಬಿಕೊಡಬೇಕು. ಮೂರು ತಿಂಗಳು ದಾಟಿದರೆ ನಾವಿಶಿಯೇಟೇ ಅಸಿಂಧು. ಅಜ್ಜಿ ತೀರಿಕೊಂಡಾಗ ನನ್ನನ್ನು ಕಳಿಸಿಕೊಟ್ಟರು, ಮಣ್ಣು ಮುಗಿಸಿ ವಾಪಸ್ ಬಂದೆ. ಮನೆಯಲ್ಲಿ ಮದುವೆ ಗೃಹಪ್ರವೇಶ ಇದ್ದರೆ ಆ ಎರಡು ವರ್ಷ ನಿಮ್ಮನ್ನು ಕಾಯಬೇಡಿ ಎಂದು ಮೊದಲೇ ತಿಳಿಸಿಬಿಡಿ.

ವ್ರತದ ಮುಂಚೆ ಎಲ್ಲ ಸಿಸ್ಟರುಗಳ ಅಭಿಪ್ರಾಯ ಕೇಳುತ್ತಾರೆ. ಆ ಕಾಯುವಿಕೆ ಪರೀಕ್ಷೆಯ ಫಲಿತಾಂಶಕ್ಕಿಂತ ಕಷ್ಟ. ಒಪ್ಪಿಗೆ ಬಂದ ಮೇಲೆ ನಮ್ಮ ಕೈಬರಹದಲ್ಲೇ ವ್ರತಪತ್ರ ಬರೆಯಬೇಕು. ನಾನು ಕನ್ನಡದಲ್ಲಿ ಬರೆಯಲೇ ಎಂದು ಕೇಳಿದೆ, ಮದರ್ ಒಪ್ಪಿದರು. ಅದನ್ನು ಬಲಿಪೀಠದ ಮೇಲೆ ಸಹಿ ಮಾಡಿ, 119ನೇ ಕೀರ್ತನೆಯ 116ನೇ ಸಾಲನ್ನು ಮೂರು ಸಲ ಹಾಡಿದೆ. ನಿನ್ನ ಮಾತಿನಂತೆ ನನ್ನನ್ನು ಸ್ವೀಕರಿಸು, ನನ್ನ ನಿರೀಕ್ಷೆ ಹುಸಿಯಾಗದಿರಲಿ ಎಂಬರ್ಥದ ಸಾಲು. ಬೆನೆಡಿಕ್ಟರ ಕಾಲದಿಂದ ವ್ರತ ಸ್ವೀಕರಿಸುವವರು ಇದನ್ನೇ ಹಾಡುತ್ತಾ ಬಂದಿದ್ದಾರೆ. ಪ್ರತಿ ಸಲವೂ ಎಲ್ಲ ಸಿಸ್ಟರುಗಳು ಅದನ್ನೇ ಮರಳಿ ಹಾಡಿದರು. ಅಪ್ಪ ಟೆಂಪೋದಲ್ಲಿ ನೆಂಟರನ್ನೆಲ್ಲ ತುಂಬಿಕೊಂಡು ಬಂದಿದ್ದರು. ಊಟಕ್ಕೆ ಮನೆಯವರು ಖರ್ಚು ಮಾಡಬೇಕಾಗಿಲ್ಲ, ನಮ್ಮವರು ಹಟ ಹಿಡಿದು ಕೋಳಿ ಸಾರಿಗೆ ಕೋಳಿ ತಂದುಕೊಟ್ಟರು.

ಯೋಚನೆಯಲ್ಲಿರುವವರಿಗೆ ಇನ್ನು ಎರಡು ಮಾತು. ಯಾವ ಮಠಕ್ಕೆ ಹೋದರೂ ಮೊದಲು ಕೆಲವು ದಿನ ಅತಿಥಿಯಾಗಿ ಇದ್ದು ನೋಡಿ, ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡೇ ಹೋಗಿ. ಪ್ರಾರ್ಥನೆ ಯಾವ ಭಾಷೆಯಲ್ಲಿ, ದಿನಕ್ಕೆ ಲೆಕ್ಸಿಯೋಗೆ ಎಷ್ಟು ಹೊತ್ತು, ಹುಷಾರು ತಪ್ಪಿದರೆ ಆಸ್ಪತ್ರೆ ಖರ್ಚು ಯಾರದು, ನಡುವೆ ಬಿಟ್ಟು ಹೋದವರನ್ನು ಹೇಗೆ ಕಳಿಸಿಕೊಡುತ್ತಾರೆ, ಇವೆಲ್ಲವನ್ನೂ ಸಂಕೋಚವಿಲ್ಲದೆ ಕೇಳಿ. ದೊಡ್ಡ ಅಕ್ಷರದ ಕನ್ನಡ ಬೈಬಲ್ ಒಂದನ್ನು ನೀವೇ ತನ್ನಿ. ಒಳಗೆ ಬಂದ ಮೇಲೆ ಸಿಗುವುದು ಕಷ್ಟ, ನನ್ನದನ್ನು ತಮ್ಮ ಮೂರು ಅಂಗಡಿ ಸುತ್ತಿ ತಂದುಕೊಟ್ಟ.